ಮೀನುಮರಿಗಳ ಮೊದಲ ಹದಿನೈದು ದಿನಗಳು: ಜೀವಂತ ಆಹಾರವೋ, ಕೃತಕ ಆಹಾರವೋ?

(ಮೀನುಮರಿ ಪಾಲನೆಯಲ್ಲಿ ಆಸಕ್ತಿಯುಳ್ಳ ರೈತರಿಗಾಗಿ ನೀಡಿದ ಭಾಷಣದ ಪಾಠ)



ಮುಂಗಾರು ಮಳೆ ಹಿಡಿದು ಕೆರೆಕಟ್ಟೆಗಳಿಗೆ ನೀರು ಬರುವ ಹೊತ್ತಿಗೆ ಮೀನುಮರಿಗಳಿಗೆ ಬೇಡಿಕೆ ಏರುತ್ತದೆ. ಬೆರಳುದ್ದ ಬೆಳೆದ ಮರಿಗಳಿಗೆ ಬೆಲೆ ಹೆಚ್ಚು. ಆಗ ತಾನೆ ಮೊಟ್ಟೆಯಿಂದ ಹೊರಬಂದ, ಸ್ಪಾನ್ ಎಂದು ಕರೆಯುವ ಎಳೆಮರಿಗಳು ಅಗ್ಗ. ಆದ್ದರಿಂದ ಕಟ್ಲಾ, ರೋಹು, ಮೃಗಾಲ್ ಜಾತಿಯ ಸ್ಪಾನ್ ತಂದು ತಮ್ಮ ಹೊಂಡದಲ್ಲಿಯೇ ಬೆಳೆಸಿ, ತಮಗೆ ಬೇಕಾದಷ್ಟನ್ನು ಇಟ್ಟುಕೊಂಡು ಉಳಿದವನ್ನು ಮಾರಲು ಅನೇಕ ರೈತರು ಮುಂದೆ ಬರುತ್ತಾರೆ. ಇದು ಒಳ್ಳೆಯ ಉಪಕಸುಬು. ಹದಿನೈದು ದಿನಗಳಲ್ಲಿ ಒಂದು ಬೆಳೆ ಕೈಗೆ ಬರುತ್ತದೆ.

ಆದರೆ ಹಲವು ಕಡೆ ನಡೆಯುವುದು ಹೀಗೆ. ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಒಂದು ಲಕ್ಷ ಮರಿಗಳನ್ನು ತರುತ್ತಾರೆ. ಹೊಂಡಕ್ಕೆ ಬಿಟ್ಟ ಮರುದಿನದಿಂದ ತಪ್ಪದೆ ಹಿಂಡಿ, ತೌಡು ಎರಚುತ್ತಾರೆ. ಹದಿನೈದನೆಯ ದಿನ ಬಲೆ ಎಳೆದರೆ ಕೆಲವೇ ಸಾವಿರ ಮರಿಗಳು ಸಿಗುತ್ತವೆ. ಅಷ್ಟು ದಿನಗಳಲ್ಲಿ ಸತ್ತ ಒಂದು ಮರಿಯೂ ನೀರಿನ ಮೇಲೆ ಕಂಡಿರುವುದಿಲ್ಲ. ಮರಿ ಕೊಟ್ಟವರು ಎಣಿಕೆಯಲ್ಲಿ ಮೋಸ ಮಾಡಿದರೆಂದು ರೈತ ಭಾವಿಸುತ್ತಾನೆ. ನಿಜ ಸಂಗತಿಯೆಂದರೆ, 6 ಮಿಲಿಮೀಟರ್ ಉದ್ದದ ಮರಿ ಸತ್ತರೆ ತಳ ಸೇರಿ ಬೇಗನೆ ಕೊಳೆತು ಹೋಗುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ. ಇಂತಹ ಮರಿಗಳಲ್ಲಿ ಬಹುಪಾಲು ನೀರಿನ ಹುಳುಗಳ ಬಾಯಿಗೆ ಬಿದ್ದಿರುತ್ತವೆ, ಇಲ್ಲವೆ ಮೊದಲ ನಾಲ್ಕೈದು ದಿನಗಳಲ್ಲಿ ಹಸಿವಿನಿಂದ ಸತ್ತಿರುತ್ತವೆ. ಆಹಾರ ಎರಚಿದ ಹೊಂಡದಲ್ಲಿಯೇ ಮರಿ ಹಸಿವಿನಿಂದ ಸಾಯುವುದು ಹೇಗೆ ಎಂಬುದು ಈ ಭಾಷಣದ ವಿಷಯ.

ಹಿಂದೆ ಮರಿ ಸಿಗುವುದೇ ಕಷ್ಟವಾಗಿತ್ತು. ಗೆಂಡೆ ಜಾತಿಯ ಈ ದೊಡ್ಡ ಮೀನುಗಳು ಹರಿಯುವ ನದಿಯಲ್ಲಿ ಮೊಟ್ಟೆ ಇಡುತ್ತವೆಯೇ ಹೊರತು ನಿಂತ ನೀರಿನಲ್ಲಿ ಇಡುವುದಿಲ್ಲ. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಡಾ. ಹೀರಾಲಾಲ್ ಚೌಧುರಿ ಮತ್ತು ಡಾ. ಕೆ. ಎಚ್. ಅಲಿಕುಂಞಿಯವರು ಪಿಟ್ಯುಟರಿ ಗ್ರಂಥಿಯ ರಸವನ್ನು ಚುಚ್ಚಿ ಈ ಮೀನುಗಳಿಂದ ಮೊಟ್ಟೆ ಇಡಿಸುವುದರಲ್ಲಿ ಯಶಸ್ವಿಯಾದರು. ಅಲ್ಲಿಂದ ಮುಂದೆ ಸ್ಪಾನ್ ಉತ್ಪಾದನೆಯ ಸಮಸ್ಯೆ ಬಹುಮಟ್ಟಿಗೆ ನೀಗಿತು. ಹುಟ್ಟಿದ ಮರಿಯನ್ನು ಉಳಿಸಿಕೊಳ್ಳುವ ಸಮಸ್ಯೆ ಉಳಿಯಿತು. ಚೆನ್ನಾಗಿ ನೋಡಿಕೊಂಡ ಮಣ್ಣಿನ ಹೊಂಡಗಳಲ್ಲಿಯೂ ನೂರಕ್ಕೆ 30ರಿಂದ 50 ಮರಿಗಳು ಉಳಿದರೆ ಅದನ್ನು ಸಮಾಧಾನಕರ ಎಂದು ಪರಿಗಣಿಸಲಾಗುತ್ತದೆ. ಅಲಕ್ಷ್ಯ ಮಾಡಿದ ಹೊಂಡದಲ್ಲಿ ಇದು ನೂರಕ್ಕೆ ಐದಕ್ಕೂ ಇಳಿಯಬಹುದು.

ಮರಿ ಬಾಯಿ ತೆರೆಯುವ ಹೊತ್ತು

ಗೆಂಡೆ ಮೀನಿನ ಮರಿ ಮೊಟ್ಟೆಯಿಂದ ಹೊರಬಂದಾಗ ಅದರ ಹೊಟ್ಟೆಯ ಕೆಳಗೆ ಹಳದಿಯ ಚೀಲವೊಂದು ಅಂಟಿಕೊಂಡಿರುತ್ತದೆ. ಇದು ತಾಯಿ ಕಟ್ಟಿಕೊಟ್ಟ ಬುತ್ತಿ. ಬೀಜದೊಳಗಿನ ಬೇಳೆಯನ್ನು ತಿಂದು ಮೊಳಕೆ ಮೇಲೇಳುವಂತೆ ಮರಿಯೂ ಸುಮಾರು ಮೂರು ದಿನ ಈ ಬುತ್ತಿಯ ಮೇಲೆ ಬದುಕುತ್ತದೆ. ಚೀಲ ಕರಗುತ್ತಾ ಬಂದಂತೆ ಬಾಯಿ ತೆರೆಯುತ್ತದೆ. ರೈತನ ಕೈಗೆ ಸ್ಪಾನ್ ಬರುವುದು ಈ ಹೊತ್ತಿನಲ್ಲಿ. ಅಂದರೆ ಬುತ್ತಿ ಮುಗಿದು ಹೊರಗಿನ ಆಹಾರ ತಕ್ಷಣವೇ ಬೇಕಾದ ಗಳಿಗೆಯಲ್ಲಿಯೇ ಅದು ಹೊಂಡ ಸೇರುತ್ತದೆ. ಸರಿಯಾದ ಆಹಾರ ಸಿಗುವುದು ಒಂದೆರಡು ದಿನ ತಡವಾದರೆ ಮರಿ ಬಳಲಿ, ಆಹಾರ ಎದುರಿಗೆ ಬಂದರೂ ಹಿಡಿಯಲಾರದ ಸ್ಥಿತಿ ತಲುಪುತ್ತದೆ. ಬೇರು ಒಣಗಿದ ಸಸಿಗೆ ಆಮೇಲೆ ನೀರು ಹೊಯ್ದಂತೆ.

ಈ ಮರಿಯ ಶರೀರ ರಚನೆಯನ್ನೂ ತಿಳಿದಿರಬೇಕು. ಗೆಂಡೆ ಜಾತಿಯ ಮೀನುಗಳಿಗೆ ಜಠರವೆಂಬುದೇ ಇಲ್ಲ. ದೊಡ್ಡದಾದ ಮೇಲೆ ಉದ್ದವಾದ ಕರುಳು ಬೆಳೆದು ಆ ಕೊರತೆಯನ್ನು ತುಂಬಿಕೊಡುತ್ತದೆ. ಎಳೆಮರಿಯಲ್ಲಿ ಕರುಳು ಒಂದು ಗಿಡ್ಡ, ನೇರ ಕೊಳವೆ ಮಾತ್ರ. ಜೀರ್ಣರಸಗಳು ಇನ್ನೂ ಪೂರ್ತಿ ಬಲಿತಿರುವುದಿಲ್ಲ. ಬಾಯಿ ಎಷ್ಟು ಚಿಕ್ಕದೆಂದರೆ ಕಾಲು ಮಿಲಿಮೀಟರಿಗಿಂತ ದಪ್ಪದ ಕಣವನ್ನು ನುಂಗುವುದು ಅದಕ್ಕೆ ಕಷ್ಟ. ಕೈಕಾಲಾಡದ ಕೂಸಿಗೆ ಮುದ್ದೆ ಉಣ್ಣಿಸಲು ಹೊರಟಂತೆ, ಒರಟಾದ ಹಿಂಡಿಯ ನುಚ್ಚನ್ನು ಈ ಮರಿಗಳ ಮುಂದೆ ಎರಚಿದರೆ ಪ್ರಯೋಜನವಿಲ್ಲ.

ಜೀವಂತ ಆಹಾರದ ಗುಣ

ಗೊಬ್ಬರ ಹಾಕಿದ ಹೊಂಡದ ನೀರಿನಲ್ಲಿ ಬರಿಗಣ್ಣಿಗೆ ಕಷ್ಟದಿಂದ ಕಾಣುವ ಅಸಂಖ್ಯ ಜೀವಿಗಳು ತೇಲಾಡುತ್ತಿರುತ್ತವೆ. ಇವಕ್ಕೆ ಪ್ಲವಕಗಳೆಂದು ಹೆಸರು. ಹಸಿರು ಬಣ್ಣದವು ಸಸ್ಯ ಪ್ಲವಕಗಳು. ಅವನ್ನೂ ಕೊಳೆತ ಗೊಬ್ಬರದ ಮೇಲಿನ ಸೂಕ್ಷ್ಮಾಣುಗಳನ್ನೂ ತಿಂದು ಬದುಕುವವು ಪ್ರಾಣಿ ಪ್ಲವಕಗಳು. ನಮ್ಮ ಗೆಂಡೆ ಮೀನುಗಳು ದೊಡ್ಡದಾದ ಮೇಲೆ ಬೇರೆ ಬೇರೆ ಆಹಾರ ಹುಡುಕಿಕೊಂಡರೂ ಎಳೆಯ ವಯಸ್ಸಿನಲ್ಲಿ ಎಲ್ಲಕ್ಕೂ ಪ್ರಾಣಿ ಪ್ಲವಕವೇ ಮುಖ್ಯ ಆಹಾರ. ಇವುಗಳಲ್ಲಿ ಮೊದಲಿನದು ರೋಟಿಫರ್, ಮಿಲಿಮೀಟರಿನ ಹತ್ತರಲ್ಲಿ ಒಂದರಿಂದ ಮೂರು ಭಾಗದಷ್ಟು ಗಾತ್ರದ್ದು. ಅನಂತರ ಮೋಯಿನಾ ಮೊದಲಾದ ನೀರುಚಿಗಟಗಳು. ಇವುಗಳ ಎಳೆಯವು ಅರ್ಧ ಮಿಲಿಮೀಟರಿಗಿಂತಲೂ ಚಿಕ್ಕವು, ಬಲಿತವು ಒಂದು ಮಿಲಿಮೀಟರಿನ ಆಸುಪಾಸಿನವು. ಮರಿ ಬೆಳೆದಂತೆ ಅದರ ಬಾಯಿಗೆ ಒಪ್ಪುವ ತುತ್ತೂ ಹೀಗೆ ದೊಡ್ಡದಾಗುತ್ತಾ ಹೋಗುತ್ತದೆ.

ಜೀವಂತ ಆಹಾರ ಎಳೆಮರಿಗೆ ಏಕೆ ಹಿಡಿಸುತ್ತದೆ? ಮೊದಲನೆಯದಾಗಿ, ಅದು ಅಲುಗಾಡುತ್ತದೆ. ಮರಿ ಕಣ್ಣಿನಿಂದ ನೋಡಿ ಬೇಟೆಯಾಡುತ್ತದೆ, ಅಲುಗುವುದನ್ನು ಹಿಡಿಯುವುದು ಅದರ ಹುಟ್ಟುಗುಣ. ಎರಡನೆಯದಾಗಿ, ಅದು ನೀರಿನಲ್ಲಿ ಮೇಲೆ ಕೆಳಗೆ ಎಲ್ಲ ಕಡೆ ಹರಡಿರುತ್ತದೆ, ತಳಕ್ಕೆ ಕುಸಿಯುವುದಿಲ್ಲ. ದುರ್ಬಲವಾಗಿ ಈಜುವ ಮರಿ ಆಹಾರ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಮೂರನೆಯದಾಗಿ, ಅದರ ದೇಹದಲ್ಲಿ ನೂರಕ್ಕೆ 80ರಿಂದ 90 ಭಾಗ ನೀರು. ಮೆತ್ತಗಿರುವುದರಿಂದ ಗಿಡ್ಡ ಕರುಳಿನಲ್ಲಿಯೂ ಬೇಗ ಜೀರ್ಣವಾಗುತ್ತದೆ. ನಾಲ್ಕನೆಯದಾಗಿ, ತಿನ್ನದೆ ಉಳಿದದ್ದು ಕೊಳೆಯುವುದಿಲ್ಲ. ಅದು ಬದುಕಿದ್ದು ಮರಿಹಾಕುತ್ತದೆ. ನಮ್ಮ ಹವೆಯಲ್ಲಿ ಮೋಯಿನಾ ಹುಟ್ಟಿದ ನಾಲ್ಕೈದು ದಿನಗಳಲ್ಲಿಯೇ ತಾನು ಮರಿ ಹಾಕತೊಡಗುತ್ತದೆ. ಇಂದು ತಿನ್ನದ ತುತ್ತು ನಾಲ್ಕು ದಿನ ಬಿಟ್ಟು ಹತ್ತು ತುತ್ತಾಗುತ್ತದೆ.

ಕೃತಕ ಆಹಾರದ ಮಿತಿ

ಹಿಂಡಿ, ತೌಡು, ಮೀನಿನ ಪುಡಿ ಮುಂತಾದವನ್ನು ಬೆರೆಸಿ ತಯಾರಿಸಿದ್ದು ಕೃತಕ ಆಹಾರ. ಇದರ ಅನುಕೂಲಗಳು ಸ್ಪಷ್ಟ. ಬೇಕೆಂದಾಗ ಕೊಳ್ಳಬಹುದು, ಚೀಲದಲ್ಲಿ ಕೂಡಿಡಬಹುದು, ತೂಗಿ ಕೊಡಬಹುದು. ಮಳೆ ಮೋಡವನ್ನು ನಂಬಿ ಕೂರಬೇಕಾಗಿಲ್ಲ.

ತೊಂದರೆ ಇರುವುದು ಅದರ ಕಣದ ಗಾತ್ರದಲ್ಲಿ. ಎಳೆಮರಿಯ ಬಾಯಿಗೆ ಹಿಡಿಯುವಷ್ಟು ನುಣ್ಣಗೆ ಪುಡಿ ಮಾಡಿದರೆ, ಕಣ ಚಿಕ್ಕದಾದಷ್ಟೂ ನೀರು ತಗಲುವ ಭಾಗ ಹೆಚ್ಚಾಗಿ, ಅದರಲ್ಲಿನ ಸತ್ವ ಕೆಲವೇ ನಿಮಿಷಗಳಲ್ಲಿ ನೀರಿನಲ್ಲಿ ಕರಗಿ ಹೋಗುತ್ತದೆ. ಹಾಗಾಗದಂತೆ ಅಂಟು ಸೇರಿಸಿ ಬಿಗಿಗೊಳಿಸಿದರೆ ಮರಿಗೆ ಜೀರ್ಣವಾಗುವುದಿಲ್ಲ. ಕಣಕ್ಕೆ ತೆಳುವಾದ ಲೇಪ ಕೊಟ್ಟು ಈ ಎರಡರ ನಡುವೆ ದಾರಿ ಹುಡುಕುವ ಕೆಲಸ ಹಲವು ದೇಶಗಳಲ್ಲಿ ನಡೆದಿದೆ, ಇಂತಹ ಸೂಕ್ಷ್ಮಕಣದ ಆಹಾರಗಳು ಮಾರಾಟಕ್ಕೂ ಬಂದಿವೆ. ಆದರೆ ಅವುಗಳ ಬೆಲೆ ಗೆಂಡೆ ಮರಿ ಸಾಕುವ ರೈತನಿಗೆ ಎಟಕುವಂತಹುದಲ್ಲ. ಅಲ್ಲದೆ ಅಲುಗಾಡದ ಕಣವನ್ನು ಆಹಾರವೆಂದು ಮರಿ ಗುರುತಿಸಲು ಕಾಲ ಬೇಕು. ತಿನ್ನದೆ ಉಳಿದದ್ದು ತಳದಲ್ಲಿ ಕೊಳೆತು ನೀರಿನ ಆಮ್ಲಜನಕವನ್ನು ಹೀರುತ್ತದೆ.

ಬೇರೆ ಬೇರೆ ಮೀನುಗಳ ರೀತಿ

ಎಲ್ಲ ಮೀನಿಗೂ ಒಂದೇ ನಿಯಮವಿಲ್ಲ. ಹಿಮಾಲಯದ ತಣ್ಣೀರಿನಲ್ಲಿ ಸಾಕುವ ಟ್ರೌಟ್ ಮೀನಿನ ಮೊಟ್ಟೆ 4ರಿಂದ 5 ಮಿಲಿಮೀಟರ್ ದಪ್ಪ. ಬುತ್ತಿ ದೊಡ್ಡದು, ಮರಿಯೂ ದೊಡ್ಡದು. ತಿನ್ನತೊಡಗುವ ವೇಳೆಗೆ ಅದರ ಜಠರವೂ ಕೆಲಸ ಮಾಡುವ ಸ್ಥಿತಿಗೆ ಬಂದಿರುತ್ತದೆ. ಆದ್ದರಿಂದ ಅದು ಮೊದಲ ತುತ್ತಿನಿಂದಲೇ ಒಣ ಆಹಾರ ತಿನ್ನುತ್ತದೆ. ಸಮುದ್ರದ ಮತ್ತು ಅಳಿವೆಯ ಮೀನುಗಳದ್ದು ಇದಕ್ಕೆ ವಿರುದ್ಧ. ಅವುಗಳ ಮರಿ ಕೂದಲೆಳೆಯಂತಿರುತ್ತದೆ. ಚೆನ್ನೈನ ಸಿಬಾ ಸಂಶೋಧನಾ ಸಂಸ್ಥೆ 1997ರಲ್ಲಿ ಸೀಬಾಸ್ ಮೀನಿನ ಮರಿಗಳನ್ನು ಉತ್ಪಾದಿಸುವುದರಲ್ಲಿ ಯಶಸ್ವಿಯಾಯಿತು. ಈ ಮರಿಗಳಿಗೆ ಮೊದಲು ರೋಟಿಫರ್, ಬಳಿಕ ಆರ್ಟೀಮಿಯಾ ಎಂಬ ಉಪ್ಪುನೀರಿನ ಸಿಗಡಿಯ ಮರಿ ಕೊಟ್ಟು, ಕೊನೆಗೆ ನಿಧಾನವಾಗಿ ಕೃತಕ ಆಹಾರಕ್ಕೆ ಒಗ್ಗಿಸಲಾಗುತ್ತದೆ.

ಈ ಎರಡು ಜೀವಿಗಳ ಕಥೆಯೂ ತಿಳಿಯತಕ್ಕದ್ದು. ಜಪಾನಿನ ಹಾವುಮೀನಿನ ಕೊಳಗಳಲ್ಲಿ ರೋಟಿಫರ್ ಹೆಚ್ಚಿ ನೀರು ಕೆಡುತ್ತಿದ್ದುದರಿಂದ 1950ರ ದಶಕದಲ್ಲಿ ಅದನ್ನು ಪೀಡೆಯೆಂದು ತಿಳಿದಿದ್ದರು. 1960ರ ಸುಮಾರಿನಲ್ಲಿ ಅಲ್ಲಿಯ ವಿಜ್ಞಾನಿಗಳೇ ಅದು ಮೀನುಮರಿಗೆ ಉತ್ತಮ ಆಹಾರವೆಂದು ತೋರಿಸಿದರು. ಆರ್ಟೀಮಿಯಾ ಮರಿಗಳ ಉಪಯೋಗ 1930ರ ದಶಕದಲ್ಲಿ ಅಮೆರಿಕ ಮತ್ತು ನಾರ್ವೆಗಳಲ್ಲಿ ಬೆಳಕಿಗೆ ಬಂತು. ಇದರ ಮೊಟ್ಟೆಗಳನ್ನು ಒಣಗಿಸಿ ಡಬ್ಬಿಯಲ್ಲಿಡಬಹುದು. ಬೇಕಾದಾಗ ಉಪ್ಪುನೀರಿಗೆ ಹಾಕಿ ಗಾಳಿಯಾಡಿಸಿದರೆ ಸುಮಾರು ಒಂದು ದಿನದಲ್ಲಿ ಮರಿಯೊಡೆಯುತ್ತವೆ. ಒಂದು ಗ್ರಾಂನಲ್ಲಿ ಎರಡು ಮೂರು ಲಕ್ಷ ಮೊಟ್ಟೆಗಳಿರುತ್ತವೆ. ಆದರೆ ಬೆಲೆ ದುಬಾರಿ. 1970ರ ದಶಕದಲ್ಲಿ ಇದರ ಅಭಾವ ತಲೆದೋರಿ ಬೆಲೆ ಏರಿದ್ದು ಕೃತಕ ಆಹಾರದ ಸಂಶೋಧನೆಗೆ ಒಂದು ಕಾರಣವಾಯಿತು. ಸಿಹಿನೀರಿನಲ್ಲಿ ಇದು ಹೆಚ್ಚು ಹೊತ್ತು ಬದುಕುವುದಿಲ್ಲ. ಆದ್ದರಿಂದ ಹೊಂಡದಲ್ಲಿ ಗೆಂಡೆ ಮರಿ ಸಾಕುವವರು ಇದಕ್ಕೆ ಹಣ ಹಾಕಬೇಕಾಗಿಲ್ಲ.

ಗೆಂಡೆ ಮೀನುಗಳು ಈ ಎರಡು ತುದಿಗಳ ನಡುವೆ ನಿಲ್ಲುತ್ತವೆ. ಯೀಸ್ಟ್ ಮತ್ತು ಪ್ರಾಣಿಗಳ ಯಕೃತ್ತಿನಿಂದ ತಯಾರಿಸಿದ ನುಣುಪಾದ ಒಣ ಆಹಾರವನ್ನೇ ಕೊಟ್ಟು ಸಾಮಾನ್ಯ ಗೆಂಡೆಯ ಎಳೆಮರಿಗಳನ್ನು ಬೆಳೆಸಿದ ಪ್ರಯೋಗಗಳು 1980ರ ದಶಕದಲ್ಲಿ ಯುರೋಪಿನಲ್ಲಿ ನಡೆದಿವೆ. ಆದರೆ ಅವು ಪ್ರಯೋಗಶಾಲೆಯ ತೊಟ್ಟಿಗಳು. ಅಲ್ಲಿ ನೀರು ಸದಾ ಹರಿಯುತ್ತಿರುತ್ತದೆ, ಆಹಾರ ಹಗಲೆಲ್ಲ ಸ್ವಲ್ಪ ಸ್ವಲ್ಪವಾಗಿ ಬೀಳುತ್ತಿರುತ್ತದೆ. ದಿನಕ್ಕೆ ಎರಡು ಸಲ ಹಿಂಡಿ ಎರಚುವ ಹೊಂಡಕ್ಕೆ ಆ ಫಲಿತಾಂಶ ಹೊಂದುವುದಿಲ್ಲ.

ಲೆಕ್ಕ ಏನು ಹೇಳುತ್ತದೆ?

ಒಂದು ಲಕ್ಷ ಸ್ಪಾನ್ ತೂಗಿದರೆ ಸುಮಾರು 140 ಗ್ರಾಂ. ಇವುಗಳಿಗೆ ಮೊದಲ ಐದು ದಿನ ದಿನಕ್ಕೆ 600 ಗ್ರಾಂ ಪುಡಿ ಆಹಾರ ಕೊಡಬೇಕೆಂದು ಶಿಫಾರಸು ಇದೆ. ಅಂದರೆ ಮರಿಗಳ ತೂಕದ ನಾಲ್ಕು ಪಟ್ಟಿಗಿಂತ ಹೆಚ್ಚು. ಅಷ್ಟನ್ನೂ ಮರಿ ತಿನ್ನಲಾರದು. ಬಹುಭಾಗ ನೀರಿಗೆ ಸೇರಿ ಗೊಬ್ಬರವಾಗುತ್ತದೆ. ಆ ಗೊಬ್ಬರದಿಂದ ಸೂಕ್ಷ್ಮಾಣುಗಳು, ಅವುಗಳಿಂದ ನೀರುಚಿಗಟಗಳು ಹೆಚ್ಚುತ್ತವೆ, ನೀರುಚಿಗಟವನ್ನು ಮರಿ ತಿನ್ನುತ್ತದೆ. ಮೊದಲೇ ಪ್ಲವಕ ಬೆಳೆದಿರುವ ಹೊಂಡದಲ್ಲಿ ಈ ಹಿಂಡಿ ಹೀಗೆ ಎರಡು ದಾರಿಯಿಂದ ಉಪಯೋಗಕ್ಕೆ ಬರುತ್ತದೆ. ಬರಿಯ ಬಾವಿನೀರು ತುಂಬಿದ ಹೊಂಡದಲ್ಲಿ ಅದು ಕೊಳೆಯುವುದೇ ಹೆಚ್ಚು.

ಹಾಗೆಂದು ಜೀವಂತ ಆಹಾರವೊಂದನ್ನೇ ನಂಬುವುದೂ ಸರಿಯಲ್ಲ. ಗುಂಟೆಗೆ 30ರಿಂದ 50 ಸಾವಿರ ಮರಿಗಳನ್ನು ಬಿಟ್ಟಾಗ ಅವು ಮೂರು ನಾಲ್ಕು ದಿನಗಳಲ್ಲಿ ಹೊಂಡದ ಪ್ಲವಕವನ್ನು ಮೇದು ಮುಗಿಸಬಲ್ಲವು. ಹದಿನೈದು ದಿನಗಳಲ್ಲಿ 6 ಮಿಲಿಮೀಟರಿನ ಮರಿ 20ರಿಂದ 25 ಮಿಲಿಮೀಟರ್ ಆಗಬೇಕಾದರೆ ಅದರ ತೂಕ ಹತ್ತಾರು ಪಟ್ಟು ಹೆಚ್ಚಬೇಕು. ಅಷ್ಟು ಆಹಾರವನ್ನು ನೀರೊಂದೇ ಒದಗಿಸಲಾರದು. ಆದ್ದರಿಂದ ಮೊದಲ ದಿನಗಳಿಗೆ ಜೀವಂತ ಆಹಾರ ಸಿದ್ಧವಿರಬೇಕು. ಮರಿ ಬಲಿತಂತೆ ಕೃತಕ ಆಹಾರ ಕೈಹಿಡಿಯಬೇಕು. ಮುಂದೆ ತಿಳಿಸುವ ಕ್ರಮದ ಉದ್ದೇಶ ಇಷ್ಟೆ.

ಹೊಂಡದ ಸಿದ್ಧತೆ

ಮರಿ ಪಾಲನೆಗೆ 2ರಿಂದ 5 ಗುಂಟೆ ವಿಸ್ತಾರದ, ಒಂದರಿಂದ ಒಂದೂವರೆ ಮೀಟರ್ ಆಳದ ಹೊಂಡ ಸಾಕು. ಭತ್ತದ ಸಸಿಮಡಿಯನ್ನು ಹೇಗೆ ಕಳೆ ತೆಗೆದು, ಗೊಬ್ಬರ ಕೊಟ್ಟು, ಹದ ಮಾಡಿ ಬೀಜ ಚೆಲ್ಲುತ್ತಾರೋ ಹಾಗೆಯೇ ಇದನ್ನೂ ಸಿದ್ಧಗೊಳಿಸಬೇಕು. ಕೆಳಗಿನ ಪ್ರಮಾಣಗಳು ಒಂದು ಗುಂಟೆಗೆ, ಒಂದು ಮೀಟರ್ ಆಳದ ನೀರಿಗೆ.

1. ಬೇಸಿಗೆಯಲ್ಲಿ ಹೊಂಡ ಒಣಗಿಸಿ ತಳ ಬಿಸಿಲಿಗೆ ಬಿರಿಯುವಂತೆ ಮಾಡುವುದು ಉತ್ತಮ. ನೀರು ಖಾಲಿ ಮಾಡಲಾಗದ ಹೊಂಡದಲ್ಲಿ ಬೇಡದ ಮೀನುಗಳನ್ನು ಕೊಲ್ಲಲು, ಮರಿ ಬಿಡುವುದಕ್ಕೆ ಮೂರು ವಾರ ಮೊದಲು 25 ಕಿಲೋಗ್ರಾಂ ಹಿಪ್ಪೆ ಹಿಂಡಿ ಹಾಕಬೇಕು. ಇದರ ವಿಷ ಇಳಿದ ಮೇಲೆ ಇದೇ ಗೊಬ್ಬರವಾಗುತ್ತದೆ.

2. ಮಣ್ಣು ಹುಳಿಯಾಗಿದ್ದರೆ ಸುಮಾರು 2 ಕಿಲೋಗ್ರಾಂ ಸುಣ್ಣ ಎರಚಬೇಕು.

3. ಒಣಗಿಸಿದ ಹೊಂಡಕ್ಕೆ ಮರಿ ಬಿಡುವ ಒಂದು ವಾರದೊಳಗೆ ಮಾತ್ರ ನೀರು ತುಂಬಬೇಕು. ನೀರು ಒಳಬರುವಲ್ಲಿ ಸಣ್ಣ ಕಣ್ಣಿನ ಬಲೆ ಕಟ್ಟಬೇಕು. ಬಹಳ ಮೊದಲೇ ತುಂಬಿದರೆ ಪ್ಲವಕಕ್ಕಿಂತ ಮೊದಲು ಹುಳುಗಳು ಸೇರಿಕೊಳ್ಳುತ್ತವೆ.

4. ಮರಿ ಬಿಡುವ ಎರಡು ಮೂರು ದಿನ ಮೊದಲು ಗೊಬ್ಬರ ಕೊಡಬೇಕು. ಒಟ್ಟು ಪ್ರಮಾಣ: ಕಡಲೆಕಾಯಿ ಹಿಂಡಿ ಏಳೂವರೆ ಕಿಲೋಗ್ರಾಂ, ಹಸಿ ಸಗಣಿ 2 ಕಿಲೋಗ್ರಾಂ, ಸೂಪರ್ ಫಾಸ್ಫೇಟ್ ಅರ್ಧ ಕಿಲೋಗ್ರಾಂ. ಇವನ್ನು ನೆನೆಸಿ ಬಗ್ಗಡ ಮಾಡಿ ಅರ್ಧ ಭಾಗವನ್ನು ಈಗ ಹೊಂಡದ ಎಲ್ಲೆಡೆ ಚೆಲ್ಲಬೇಕು. ಉಳಿದರ್ಧವನ್ನು ಮರಿ ಬಿಟ್ಟ ಮೇಲೆ ಎರಡು ಮೂರು ಕಂತುಗಳಲ್ಲಿ ಕೊಡಬೇಕು. ಬೆಳೆಗೆ ಮೇಲುಗೊಬ್ಬರ ಕೊಡುವ ಉದ್ದೇಶವೇ ಇಲ್ಲಿಯೂ ಇದೆ, ಪ್ಲವಕ ಒಮ್ಮೆಗೇ ಮುಗಿಯದೆ ಮತ್ತೆ ಮತ್ತೆ ಚಿಗುರಬೇಕು.

5. ಮರಿ ಬಿಡುವ ಹಿಂದಿನ ದಿನ ಹುಳುಗಳ ನಿವಾರಣೆ. ಬೆನ್ನ ಮೇಲೆ ಈಜುವ ಹುಳು, ನೀರುತಿಗಣೆ, ಏರೋಪ್ಲೇನ್ ಚಿಟ್ಟೆಯ ಮರಿಹುಳು ಇವು ಎಳೆಮರಿಗಳನ್ನು ಹಿಡಿದು ತಿನ್ನುತ್ತವೆ. 560 ಗ್ರಾಂ ಅಗ್ಗದ ಅಡುಗೆ ಎಣ್ಣೆಗೆ ಅದರ ಮೂರನೆಯ ಒಂದು ಭಾಗದಷ್ಟು ಬಟ್ಟೆ ಸೋಪನ್ನು ನೀರಿನಲ್ಲಿ ಕರಗಿಸಿ ಬೆರೆಸಿ, ಗಾಳಿ ಇಲ್ಲದ ಹೊತ್ತಿನಲ್ಲಿ ನೀರಿನ ಮೇಲೆ ಚಿಮುಕಿಸಬೇಕು. ಉಸಿರಾಡಲು ಮೇಲೆ ಬರುವ ಹುಳುಗಳು ಎಣ್ಣೆಯ ಪೊರೆಗೆ ಸಿಕ್ಕಿ ಸಾಯುತ್ತವೆ. 12ರಿಂದ 24 ಗಂಟೆಗಳ ಬಳಿಕ ಮರಿ ಬಿಡಬಹುದು.

ಮರಿ ತರುವ ಮೊದಲು ನೀರಿನ ಪರೀಕ್ಷೆ

ಇದನ್ನು ಹೆಚ್ಚಿನವರು ಮಾಡುವುದಿಲ್ಲ. ಹೊಂಡದ ನಾಲ್ಕೈದು ಕಡೆಗಳಿಂದ 50 ಲೀಟರ್ ನೀರು ತೆಗೆದು ಪ್ಲವಕ ಬಲೆಯಲ್ಲಿ ಸೋಸಬೇಕು. ಬಲೆಯಲ್ಲಿ ಉಳಿದದ್ದನ್ನು ಗಾಜಿನ ನಳಿಗೆಗೆ ಹಾಕಿ ಚಿಟಿಕೆ ಉಪ್ಪು ಸೇರಿಸಿದರೆ ಪ್ಲವಕ ತಳದಲ್ಲಿ ಕೂರುತ್ತದೆ. ಅದು 1ರಿಂದ 2 ಮಿಲಿಲೀಟರ್ ಇದ್ದರೆ ಮರಿ ಬಿಡಲು ಹೊಂಡ ಸಿದ್ಧವಾಗಿದೆ. ಕಡಮೆ ಇದ್ದರೆ ಮರಿ ತರುವುದನ್ನು ಒಂದೆರಡು ದಿನ ಮುಂದೂಡಬೇಕು. ಬಲೆ ಇಲ್ಲದವರು ಗಾಜಿನ ಲೋಟದಲ್ಲಿ ನೀರು ಹಿಡಿದು ಬೆಳಕಿಗೆ ಎದುರಾಗಿ ನೋಡಬಹುದು. ಕುಪ್ಪಳಿಸುವ ಬಿಳಿಚುಕ್ಕೆಗಳು ಹೇರಳವಾಗಿ ಕಾಣಬೇಕು. ನೀರು ಬರೀ ಹಸಿರಾಗಿದ್ದರೆ ಅದು ಸಸ್ಯ ಪ್ಲವಕ, ಎಳೆಮರಿಗೆ ಅದರಿಂದ ಹೆಚ್ಚು ಪ್ರಯೋಜನವಿಲ್ಲ. ಗೊಬ್ಬರ ಕೊಟ್ಟು ಬಹಳ ದಿನ ತಡಮಾಡುವುದೂ ತಪ್ಪು. ಆಗ ದೊಡ್ಡ ಜಾತಿಯ ಸೈಕ್ಲಾಪ್ಸ್ ಹೆಚ್ಚಿ ಎಳೆಮರಿಗಳನ್ನೇ ಕಚ್ಚುತ್ತವೆ.

ಮರಿ ಬಿಡುವುದು ಮತ್ತು ಆಹಾರದ ಕ್ರಮ

ತಂಪು ಹೊತ್ತಿನಲ್ಲಿ ಚೀಲವನ್ನು ಹೊಂಡದ ನೀರಿನ ಮೇಲೆ ಕಾಲು ಗಂಟೆ ತೇಲಿಬಿಟ್ಟು, ಸ್ವಲ್ಪ ಸ್ವಲ್ಪ ಹೊಂಡದ ನೀರು ಬೆರೆಸಿ, ಮರಿ ತಾನಾಗಿ ಹೊರಹೋಗುವಂತೆ ಬಾಗಿಸಬೇಕು. ಹೊಸಬರು ಒಂದು ಲಕ್ಷ ಮರಿಗೆ 3 ಗುಂಟೆ ಜಾಗ ಇಟ್ಟುಕೊಳ್ಳುವುದು ಕ್ಷೇಮ.

ಮರುದಿನದಿಂದ ಕಡಲೆಕಾಯಿ ಹಿಂಡಿ ಮತ್ತು ಅಕ್ಕಿ ತೌಡನ್ನು ಸಮತೂಕದಲ್ಲಿ ಬೆರೆಸಿ, ನುಣ್ಣಗೆ ಪುಡಿ ಮಾಡಿ, ತೆಳುಬಟ್ಟೆಯಲ್ಲಿ ಜರಡಿ ಹಿಡಿದು ಕೊಡಬೇಕು. ಲಕ್ಷ ಮರಿಗೆ ಮೊದಲ ಐದು ದಿನ ದಿನಕ್ಕೆ 600 ಗ್ರಾಂ, ಆಮೇಲೆ ದಿನಕ್ಕೆ 1 ಕಿಲೋ 200 ಗ್ರಾಂ. ಇದನ್ನು ಬೆಳಿಗ್ಗೆ ಮತ್ತು ಸಂಜೆ ಎರಡು ಪಾಲು ಮಾಡಿ ಹೊಂಡದ ಅಂಚಿನುದ್ದಕ್ಕೂ ಎರಚಬೇಕು. ಒಟ್ಟಿನಲ್ಲಿ ಸುಮಾರು 14 ಕಿಲೋ ಆಹಾರ ಸಾಕು. ಮರಿ ಹಿಡಿಯುವ ಹಿಂದಿನ ದಿನ ಆಹಾರ ನಿಲ್ಲಿಸಬೇಕು.

ಮರಿ ತಿನ್ನುತ್ತಿದೆಯೇ ಎಂಬುದನ್ನು ನೋಡಲು ಸುಲಭದ ಉಪಾಯವಿದೆ. ಎರಡನೆಯ ದಿನ ಹತ್ತಾರು ಮರಿಗಳನ್ನು ಗಾಜಿನ ಲೋಟದಲ್ಲಿ ಹಿಡಿಯಬೇಕು. ಎಳೆಮರಿಯ ಮೈ ಪಾರದರ್ಶಕ. ತಿಂದ ಮರಿಯ ಹೊಟ್ಟೆಯಲ್ಲಿ ದಾರದಂತಹ ಗೆರೆ ಕಾಣುತ್ತದೆ. ಹೊಟ್ಟೆ ಖಾಲಿಯಿದ್ದರೆ ಹಿಂಡಿ ಹೆಚ್ಚಿಸಿ ಫಲವಿಲ್ಲ. ಪಕ್ಕದ ಕೆರೆಯಿಂದ ಇಲ್ಲವೆ ಸಗಣಿ, ಹಿಂಡಿ ಹಾಕಿ ನೀರುಚಿಗಟ ಬೆಳೆಸಿದ ತೊಟ್ಟಿಯಿಂದ ಪ್ಲವಕವನ್ನು ಸೋಸಿ ತಂದು ಅದೇ ದಿನ ಬಿಡಬೇಕು. ಮರಿ ಪಾಲನೆಯನ್ನು ಕಸುಬಾಗಿ ಹಿಡಿದವರು ಅಂತಹ ಒಂದು ಸಣ್ಣ ಸಿಮೆಂಟ್ ತೊಟ್ಟಿಯನ್ನು ಇಟ್ಟುಕೊಂಡಿರುವುದು ಮೇಲು. ಬೆಳಗಿನ ಜಾವ ಮರಿಗಳು ನೀರಿನ ಮೇಲೆ ಬಾಯಿ ತೆರೆಯುತ್ತಿದ್ದರೆ ಆಮ್ಲಜನಕ ಕಡಮೆಯಾಗಿದೆ ಎಂದರ್ಥ. ಆ ದಿನ ಆಹಾರ, ಗೊಬ್ಬರ ಎರಡನ್ನೂ ನಿಲ್ಲಿಸಿ ಹೊಸ ನೀರು ಹಾಯಿಸಬೇಕು.

ಕೊನೆಯ ಮಾತು

ಮೂರು ಗುಂಟೆಯ ಹೊಂಡದಲ್ಲಿ ಒಂದು ಲಕ್ಷ ಮರಿ ಬಿಟ್ಟು ನೂರಕ್ಕೆ 10 ಉಳಿಸಿಕೊಂಡವನಿಗೆ 10 ಸಾವಿರ, 40 ಉಳಿಸಿಕೊಂಡವನಿಗೆ 40 ಸಾವಿರ ಮರಿ. ಇಬ್ಬರೂ ಮರಿಗೆ ಕೊಟ್ಟ ಬೆಲೆ ಒಂದೇ, ಎರಚಿದ 14 ಕಿಲೋ ಆಹಾರವೂ ಒಂದೇ. ಎರಡನೆಯವನು ಹೆಚ್ಚಾಗಿ ಮಾಡಿದ ವೆಚ್ಚವೆಂದರೆ ಇಪ್ಪತ್ತೆರಡೂವರೆ ಕಿಲೋ ಹಿಂಡಿ, ಒಂದಿಷ್ಟು ಸಗಣಿ, ಸೂಪರ್ ಫಾಸ್ಫೇಟ್, ಎಣ್ಣೆ, ಸೋಪು ಮತ್ತು ಮೂರು ನಾಲ್ಕು ದಿನಗಳ ತಾಳ್ಮೆ. ಆದ್ದರಿಂದ ಸ್ಪಾನ್ ತರಲು ದಿನ ಗೊತ್ತುಮಾಡುವ ಮೊದಲು ಹೊಂಡಕ್ಕೆ ಗೊಬ್ಬರ ಹಾಕುವ ದಿನವನ್ನು ಗೊತ್ತುಮಾಡಿಕೊಳ್ಳಿ. ನೀರಿನಲ್ಲಿ ಬಿಳಿಚುಕ್ಕೆಗಳು ಕುಪ್ಪಳಿಸುವುದನ್ನು ನಿಮ್ಮ ಕಣ್ಣಾರೆ ಕಂಡ ಮೇಲೆಯೇ ಮರಿ ತರಲು ಹೊರಡಿ.